ನಾಲ್ಕು ವರ್ಷದ ಮಾತು

ಮಾರ್ಚ್ 12, 2020, ಗುರುವಾರ. ಸೂ ಫಾಲ್ಸ್

ನಾಳೆ ಬೆಳಿಗ್ಗೆ ಕಾಲೇಜುಗಳ ರಾಷ್ಟ್ರೀಯ ಕುಸ್ತಿ ಪಂದ್ಯಾವಳಿ ಶುರುವಾಗಬೇಕಿತ್ತು. ಕೊರೊನಾದಿಂದಾಗಿ ಇವತ್ತು ಮಧ್ಯಾಹ್ನ ರದ್ದಾಯಿತು. ನನ್ನ ನಾಲ್ವರು ಹುಡುಗರೂ ತೂಕ ಇಳಿಸಿಕೊಂಡು, ಎರಡು ದಿನದಿಂದ ನೀರನ್ನೂ ಅಳೆದು ಕುಡಿದು ಹೋಟೆಲಿನಲ್ಲಿ ಕೂತಿದ್ದರು. ನಾನು ಹೋಗಿ ಸುದ್ದಿ ಹೇಳಿದೆ. ನೂರೆಂಬತ್ತನಾಲ್ಕು ಪೌಂಡ್ ತೂಕದ ವಿಭಾಗದವನಿಗೆ ಇದೇ ಕೊನೆಯ ವರ್ಷ. ಅವನು ಒಂದು ಬಾಟಲಿ ನೀರನ್ನು ಗಟಗಟ ಕುಡಿದು, “ಸರಿ ಕೋಚ್, ಊಟಕ್ಕಾದ್ರೂ ಕರ್ಕೊಂಡು ಹೋಗಿ” ಅಂದ. ಒಬ್ಬನೇ ಒಂದೂವರೆ ಪಿಜ್ಜಾ ತಿಂದ. ಆಮೇಲೆ ಹೋಟೆಲಿನ ಹಿಂದಿನ ಒದ್ದೆ ಹುಲ್ಲಿನ ಮೇಲೆ, ನಾಳೆ ತನಗೆ ಎದುರಾಗಬೇಕಿದ್ದ ಮಿನೆಸೋಟದ ಹುಡುಗನ ಜೊತೆ ಜೀನ್ಸ್‌ನಲ್ಲೇ ಕುಸ್ತಿ ಹಿಡಿದ. ನಿರ್ಣಾಯಕರಿಲ್ಲ, ಅಂಕವಿಲ್ಲ. ಇಬ್ಬರೂ ಕೆಸರು ಮೆತ್ತಿಕೊಂಡು ಎದ್ದರು. ನನ್ನ ಹುಡುಗ ನಗುತ್ತಿದ್ದ, ಕಾರಿನಲ್ಲಿ ಕೂತ ಮೇಲೆ ಅತ್ತ.

ಮುಂದಿನ ವರ್ಷ ತೋರಿಸೋಣ. ನೂರೈವತ್ತೇಳು ಪೌಂಡಿನ ವಿಭಾಗದಲ್ಲಿ ಒಬ್ಬ ಗಟ್ಟಿ ಆಳು ಬೇಕೇ ಬೇಕು.

ಮಾರ್ಚ್ 26, ಗುರುವಾರ

ಯಾರ ಮನೆಗೂ ಹೋಗುವಂತಿಲ್ಲ, ಯಾವ ಹುಡುಗನನ್ನೂ ಕಾಲೇಜಿಗೆ ಕರೆಸುವಂತಿಲ್ಲ. ಮೂವತ್ತೊಂದು ವರ್ಷ ನಾನು ಹುಡುಗರನ್ನು ಗೆದ್ದುಕೊಂಡಿರುವುದು ಅವರ ಅಡುಗೆಮನೆಗಳಲ್ಲಿ. ತಾಯಿ ಬಡಿಸಿದ್ದನ್ನು ಎರಡನೇ ಸಲ ಹಾಕಿಸಿಕೊಳ್ಳಬೇಕು, ತಂದೆಯ ಟ್ರಕ್ಕಿನ ಬಗ್ಗೆ ಕೇಳಬೇಕು, ನಾಯಿಯ ಹೆಸರು ನೆನಪಿಟ್ಟುಕೊಳ್ಳಬೇಕು. ಈಗ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಕೊಂಡು ಮಾತಾಡುವುದು.

ಇವತ್ತು ನೂರೈವತ್ತೇಳರ ಹುಡುಗ ಸಿಕ್ಕಿದ. ಎಲಿಸೆಯೊ ಬರಹೋನಾ. ಅಯೋವಾದ ಪಶ್ಚಿಮದ ಅಂಚಿನಲ್ಲಿರುವ ಟಿಲ್ಡನ್ ಕ್ರಾಸಿಂಗಿನವನು. ನಮ್ಮ ಹ್ಯಾಲ್ವರ್ಸನ್ ಕಾಲೇಜಿನಿಂದ ಕಾರಿನಲ್ಲಿ ಆರು ಗಂಟೆಯ ದಾರಿ. ಅವನ ಕುಸ್ತಿಯ ವಿಡಿಯೊ ನಲವತ್ತು ಸಲ ನೋಡಿದ್ದೇನೆ. ಎದುರಾಳಿಯ ಕಾಲಿಗೆ ಕೈ ಹಾಕುವ ಮೊದಲು ಅರೆಕ್ಷಣ ಸುಮ್ಮನಿರುತ್ತಾನೆ. ಅದನ್ನು ಯಾರೂ ಕಲಿಸಲಾರರು. ತಂದೆ ತಾಯಿ ಗ್ವಾಟೆಮಾಲಾದವರು, ಇಬ್ಬರೂ ಊರಿನ ಮಾಂಸದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಅಕ್ಕ ಯೆಸೇನಿಯಾ ನನ್ನ ಮಾತನ್ನು ಸ್ಪ್ಯಾನಿಷಿಗೆ ತಿರುಗಿಸಿ ಹೇಳುತ್ತಿದ್ದಳು. ತಾಯಿ ಓಫೆಲಿಯಾ ನನ್ನನ್ನು ಮೇಷ್ಟ್ರೇ ಅನ್ನುತ್ತಾರೆ. ತಂದೆ ಫೋನಿಗೆ ಕಾಣದ ಹಾಗೆ ಪಕ್ಕದಲ್ಲಿ ಕೂತಿದ್ದರು. ನಲವತ್ತು ನಿಮಿಷವೂ ಅವರ ಮೊಣಕೈ ಒಂದೇ ಕಂಡಿದ್ದು.

ನೆಬ್ರಾಸ್ಕಾದ ಕೋಚ್ ಗಾರ್ಡಿ ಸ್ಟೋಲ್ ಕೂಡ ಇವನ ಬೆನ್ನು ಹತ್ತಿದ್ದಾನೆ. ಅವನ ಕಾಲೇಜು ಇವರ ಮನೆಯಿಂದ ಒಂದೂವರೆ ಗಂಟೆ.

“ಹತ್ತಿರದ ಕಾಲೇಜು ಅಮ್ಮನ ಕೈಲಿ ಬಟ್ಟೆ ಒಗೆಸ್ಕೊಳ್ಳೋಕೆ ಒಳ್ಳೇದು,” ಅಂದೆ. ಹುಡುಗ ನಕ್ಕ. ಯೆಸೇನಿಯಾ ಅದನ್ನು ತಿರುಗಿಸಿ ಹೇಳಿದಳು. ಮೊಣಕೈ ಅಲ್ಲಾಡಲಿಲ್ಲ.

ಏಪ್ರಿಲ್ 16, ಗುರುವಾರ

ಮಾರ್ಲಾ ಫೋನ್ ಮಾಡಿದ್ದಳು. ಅವಳು ನಮ್ಮ ಕ್ರೀಡಾ ವಿಭಾಗದ ನಿರ್ದೇಶಕಿಯಾಗಿ ಒಂಬತ್ತು ವರ್ಷ. ಸುತ್ತಿ ಬಳಸಿ ಮಾತಾಡುವವಳಲ್ಲ.

“ಲೈಲ್, ಹಾಸ್ಟೆಲಿನ ದುಡ್ಡು ವಾಪಸ್ ಕೊಟ್ಟಿದೀವಿ. ಪಂದ್ಯಾವಳಿ ನಡೀಲಿಲ್ಲ, ಅಲ್ಲಿಂದ ಬರೋ ಪಾಲೂ ಇಲ್ಲ. ಬೇಸಿಗೆ ಶಿಬಿರಗಳೂ ಹೋದ್ವು. ಶರತ್ಕಾಲಕ್ಕೆ ಮೂರು ಆಟ ಮುಚ್ಚಬೇಕಾಗ್ಬಹುದು.”

“ಕುಸ್ತಿ?”

“ಪಟ್ಟೀಲಿದೆ.”

ಅವಳೇ ಮುಂದುವರಿಸಿದಳು. “ಇನ್ನೂ ಏನೂ ತೀರ್ಮಾನ ಆಗಿಲ್ಲ. ನೀನು ಕರ್ಕೊಂಡು ಬರೋ ಒಬ್ಬೊಬ್ಬ ಹುಡುಗನೂ ಅರ್ಧ ಫೀಸಾದ್ರೂ ಕಟ್ತಾನೆ. ಹನ್ನೆರಡು ಜನ ತಂದ್ರೆ ಆಡಳಿತ ಮಂಡಳಿ ಎದುರು ನಾನು ಜಗಳ ಆಡಬಲ್ಲೆ. ಆದ್ರೆ ಒಂದು ಮಾತು. ಇದನ್ನ ಯಾರ ಹತ್ರಾನೂ ಬಾಯಿ ಬಿಡಬೇಡ. ಹುಡುಗರ ಹತ್ರ ಅಂತೂ ಬೇಡವೇ ಬೇಡ. ಗೊತ್ತಾದ್ರೆ ಒಬ್ಬನೂ ಬರಲ್ಲ.”

ಹನ್ನೆರಡು. ಈಗ ಏಳು ಜನ ಕೈಯಲ್ಲಿದ್ದಾರೆ. ಐದು ಬೇಕು. ಇದಕ್ಕಿಂತ ಕಷ್ಟದ ವರ್ಷಗಳನ್ನು ದಾಟಿದ್ದೇವೆ. ಕಾಲೇಜು ನಮ್ಮ ಕೈ ಬಿಡುವುದಿಲ್ಲ. ನಮ್ಮ ಫೋಟೋಗಳಿಂದಲೇ ಆ ಕಾರಿಡಾರಿನ ಗೋಡೆ ತುಂಬಿದೆ.

ಹೆಂಡತಿ ಕೊರಿನ್ ಕೇಳಿದಳು, “ಯಾರ ಫೋನು?” “ಮಾರ್ಲಾದು, ಸುಮ್ನೆ,” ಅಂದೆ.

ಏಪ್ರಿಲ್ 21, ಮಂಗಳವಾರ

ಬರಹೋನಾ ಮನೆಯವರ ಜೊತೆ ಎರಡನೇ ಮಾತುಕತೆ. ಇವತ್ತು ತಂದೆ ಎದುರಿಗೇ ಕೂತಿದ್ದರು. ನಿಕಾನೋರ್. ಸಣ್ಣ ಆಳು, ಕಿವಿ ಮಗನ ಹಾಗೆಯೇ ಅಗಲ. ಕೈಬೆರಳು ಪೂರ್ತಿ ಮಡಚಲು ಬರುವುದಿಲ್ಲ. ಹದಿನೆಂಟು ವರ್ಷ ಚಾಕು ಹಿಡಿದ ಕೈ. ಕಾರ್ಖಾನೆಯಲ್ಲಿ ಕೆಮ್ಮುವವರಿದ್ದಾರೆ, ಆದರೂ ಕೆಲಸ ನಿಂತಿಲ್ಲ ಅಂದಳು ಯೆಸೇನಿಯಾ. ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕಂತೆ.

ನಾನು ಎಲ್ಲವನ್ನೂ ಹೇಳಿದೆ: ತರಬೇತಿ, ಓದಿಗೆ ಸಹಾಯ, ಅರ್ಧ ಫೀಸು ಮಾಫಿ. ಹುಡುಗನ ಕಣ್ಣು ನನ್ನ ಮೇಲೇ ಇತ್ತು. ಆಗ ತಂದೆ ಮಗಳನ್ನು ಕೈಯಿಂದ ತಡೆದು, ತಾವೇ ಇಂಗ್ಲಿಷಿನಲ್ಲಿ ಒಂದೊಂದೇ ಪದ ಜೋಡಿಸಿ ಕೇಳಿದರು.

“ಆ ಇನ್ನೊಂದು ಕಾಲೇಜು ಹತ್ತಿರ. ನಿಮ್ಮದು ದೂರ. ಅಷ್ಟು ದೂರ ಕಳಿಸಿದ್ರೆ, ನಾಲ್ಕು ವರ್ಷ ಕುಸ್ತಿ ಇರತ್ತಾ ಅಲ್ಲಿ?”

“ಇರತ್ತೆ. ಮೂವತ್ತೊಂದು ವರ್ಷದಿಂದ ಇದೆ,” ಅಂದೆ.

“ನಾಲ್ಕು ವರ್ಷ?”

“ನಾಲ್ಕು ವರ್ಷ.”

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ ತಲೆಯಾಡಿಸಿದರು. ತಾಯಿ ಏನೋ ಅಂದರು. “ಇಲ್ಲಿಗೆ ಬಂದಾಗ ನಿಮಗೆ ತಮಾಲೆ ಕಡುಬು ಮಾಡಿ ಹಾಕ್ತಾರಂತೆ,” ಅಂದಳು ಯೆಸೇನಿಯಾ.

ಮೂವತ್ತೊಂದು ವರ್ಷದಿಂದ ಇರುವುದು ಸುಳ್ಳಲ್ಲ. ಇವನು ಬಂದರೆ ಮುಂದಿನ ನಾಲ್ಕು ವರ್ಷವೂ ಸುಳ್ಳಾಗುವುದಿಲ್ಲ. ಲೆಕ್ಕ ಅಷ್ಟೇ.

ಏಪ್ರಿಲ್ 29, ಬುಧವಾರ

ಬರುತ್ತಾನೆ! ಹುಡುಗನೇ ಫೋನ್ ಮಾಡಿದ. “ಅಪ್ಪ ಹತ್ತಿರದ್ದೇ ಸಾಕು ಅಂತಿದ್ರು ಕೋಚ್. ನಾನು ಹಠ ಮಾಡ್ದೆ. ಕೊನೆಗೆ ಒಪ್ಕೊಂಡ್ರು.” ಮಾರ್ಲಾಗೆ ಹೇಳಿದೆ. “ನೀನು ಹಾವಿಗೂ ಬೂಟು ಮಾರ್ತೀಯಾ ಮಾರಾಯಾ,” ಅಂದಳು. ಹನ್ನೊಂದು ಜನ ಆದರು.

ಅವನ ತಂದೆಗೆ ಜ್ವರವಂತೆ. ಪರೀಕ್ಷೆ ಮಾಡಿಸಿದ್ದಾರಂತೆ.

ಮೇ 8, ಶುಕ್ರವಾರ

ಎಲಿಸೆಯೊ ಸೇರುವುದಕ್ಕೆ ಸಹಿ ಹಾಕಿದ ಒಪ್ಪಿಗೆ ಪತ್ರ ಬಂತು. ತಂದೆಯ ಸಹಿ ಸೊಟ್ಟಗಿದೆ. ಆಸ್ಪತ್ರೆಗೆ ಹೊರಟಾಗ ಕಾರಿನ ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿದರಂತೆ. ಈಗ ಒಮಾಹಾದಲ್ಲಿದ್ದಾರೆ, ಉಸಿರಾಟದ ಯಂತ್ರ ಹಾಕಿದ್ದಾರೆ. ಮನೆಯವರಿಗೆ ಒಳಗೆ ಹೋಗಲು ಬಿಡುವುದಿಲ್ಲ.

ಹನ್ನೆರಡನೆಯವನೂ ಸಿಕ್ಕಿದ. ನೂರಮೂವತ್ತಮೂರು ಪೌಂಡ್, ವಿಸ್ಕಾನ್ಸಿನ್.

ಮೇ 19, ಮಂಗಳವಾರ

ನಿಕಾನೋರ್ ಹೋಗಿಬಿಟ್ಟರು.

ಮೇ 23, ಶನಿವಾರ

ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದೆ. ಹತ್ತು ಜನಕ್ಕಿಂತ ಹೆಚ್ಚು ಇರುವಂತಿಲ್ಲ. ಗಾಳಿಯ ಸದ್ದಿನಲ್ಲಿ ಪಾದ್ರಿಯ ಮಾತು ಕೇಳಿಸಲಿಲ್ಲ. ಎಲಿಸೆಯೊ ಪ್ರೌಢಶಾಲೆಯ ಪದವಿ ಪ್ರದಾನಕ್ಕೆಂದು ಕೊಂಡಿದ್ದ ಕೋಟು ಹಾಕಿಕೊಂಡಿದ್ದ. ಅವನ ಶಾಲೆಯಲ್ಲಿ ಆ ಸಮಾರಂಭವೂ ಆಗಲಿಲ್ಲ. ಅವನು ಅಳಲಿಲ್ಲ. ತಾಯಿಯ ಮೊಣಕೈ ಹಿಡಿದು ನಿಂತಿದ್ದ, ನೆಟ್ಟಗೆ.

ಕೊರಿನ್ ಹಿಂದಿನಿಂದ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. ಏನೋ ಹೇಳುತ್ತಾಳೆ ಅಂದುಕೊಂಡೆ. ಹೇಳಲಿಲ್ಲ.

ಆಗಸ್ಟ್ 17, ಸೋಮವಾರ

ಹುಡುಗರು ಬಂದರು. ಎಲಿಸೆಯೊನನ್ನು ಯೆಸೇನಿಯಾ ಕರೆತಂದಳು. ಫೋನಿನಲ್ಲಿ ಕಂಡದ್ದಕ್ಕಿಂತ ಕುಳ್ಳ, ಮಾತು ಕಡಿಮೆ. ತಾಯಿ ಒಂದು ಡಬ್ಬ ತುಂಬ ತಮಾಲೆ ಕಳಿಸಿದ್ದರು, ಒಂದೊಂದನ್ನೂ ಎಲೆಯಲ್ಲಿ ಸುತ್ತಿ.

ಅವನು ಸಾಮಾನು ಒಳಗೆ ಸಾಗಿಸುತ್ತಿದ್ದಾಗ ಯೆಸೇನಿಯಾ ಮಾಸ್ಕನ್ನು ಸರಿಮಾಡಿಕೊಳ್ಳುತ್ತ ಹೇಳಿದಳು. “ಸರ್, ಅಪ್ಪ ತೀರ್ಕೊಂಡ ಮೇಲೆ ಇವನು ಹೋಗಲ್ಲ ಅಂದುಬಿಟ್ಟ. ನಾನೂ ಕಾರ್ಖಾನೆಗೆ ಸೇರ್ತೀನಿ ಅಂದ. ಅಮ್ಮನೇ ಬಯ್ದು ಕಳಿಸಿದ್ರು. ಯಂತ್ರ ಹಾಕೋ ಮೊದಲು ನರ್ಸು ಫೋನ್ ಹಿಡಿದು ನಮ್ಮ ಜೊತೆ ಮಾತಾಡಿಸಿದ್ರು, ಆಗ ಅಪ್ಪ ಹೇಳಿದ್ದೂ ಅದೇ. ಮೇಷ್ಟ್ರು ನಾಲ್ಕು ವರ್ಷ ಅಂದಿದ್ದಾರೆ, ಹೋಗ್ಲಿ ಅವನು, ಅಂತ.”

“ಒಳ್ಳೇ ಹುಡುಗ,” ಅಂದೆ.

ತಮಾಲೆಯನ್ನು ಕೊರಿನ್ ಬಿಸಿ ಮಾಡಿದಳು. ನನಗೆ ಹಸಿವಿರಲಿಲ್ಲ.

ಸೆಪ್ಟೆಂಬರ್ 15, ಮಂಗಳವಾರ

ನಾಲ್ಕು ನಾಲ್ಕು ಜನರ ಗುಂಪು ಮಾಡಿ ಅಭ್ಯಾಸ. ಬಾಗಿಲು ಕಿಟಕಿ ಎಲ್ಲ ತೆರೆದು. ಒಬ್ಬನಿಗೆ ಜ್ವರ ಬಂದರೆ ನಾಲ್ವರೂ ಎರಡು ವಾರ ಕೋಣೆಯಲ್ಲಿ.

ಎಲಿಸೆಯೊ ಇವತ್ತು ಹಳೇ ಹುಡುಗ ಟ್ರೆಂಟ್‌ನನ್ನು ಮೂರು ಸಲ ಕೆಡವಿದ. ಮೂರನೇ ಸಲ ಟ್ರೆಂಟ್ ಮ್ಯಾಟಿನ ಮೇಲೆ ಮಲಗಿಕೊಂಡೇ, “ಕೋಚ್, ಇವನನ್ನ ಎಲ್ಲಿಂದ ಹಿಡ್ಕೊಂಡ್ ಬಂದ್ರಿ? ವಾಪಸ್ ಕಳಿಸಿ!” ಅಂತ ಕೂಗಿದ. ಎಲ್ಲರೂ ನಕ್ಕರು. ಎಲಿಸೆಯೊ ಕೂಡ ನಕ್ಕ. ಬಂದ ಮೇಲೆ ಅವನು ನಕ್ಕಿದ್ದು ನಾನು ನೋಡಿದ್ದು ಇದೇ ಮೊದಲು.

ಮಾರ್ಲಾ ನನ್ನ ಫೋನು ತೆಗೆಯುತ್ತಿಲ್ಲ.

ಅಕ್ಟೋಬರ್ 6, ಮಂಗಳವಾರ

ಬೆಳಿಗ್ಗೆ ಎಂಟಕ್ಕೆ ಮಾರ್ಲಾ ನನ್ನನ್ನು ಕರೆದಳು. ಒಂಬತ್ತಕ್ಕೆ ಹುಡುಗರಿಗೆ ವಿಡಿಯೊದಲ್ಲಿ ಹೇಳಿದರು. ಕುಸ್ತಿ, ಟೆನಿಸ್, ಹೆಂಗಸರ ಗಾಲ್ಫ್. ಈ ಕ್ಷಣದಿಂದಲೇ ಬಂದ್. ಓದು ಮುಂದುವರಿಸುವವರಿಗೆ ಫೀಸಿನ ನೆರವು ಹಾಗೇ ಇರುತ್ತದೆ. ಹದಿನಾಲ್ಕು ನಿಮಿಷದಲ್ಲಿ ಎಲ್ಲ ಮುಗಿಯಿತು. ಕಾಲೇಜಿನ ಅಧ್ಯಕ್ಷರು ಬರೆದುಕೊಂಡು ಬಂದದ್ದನ್ನು ಓದಿದರು. ಹನ್ನೆರಡು ಜನ ಹೊಸಬರನ್ನು ತಂದಿದ್ದೆ. ಮಂಡಳಿಯಲ್ಲಿ ಮಾರ್ಲಾ ಜಗಳ ಆಡಿದಳಂತೆ. ಆಡಿರಬಹುದು.

ಅಧ್ಯಕ್ಷರು ಹೋದ ಮೇಲೆ ಹುಡುಗರು ಪರದೆಯಿಂದ ಹೋಗಲಿಲ್ಲ. ಇಪ್ಪತ್ತೆಂಟು ಮುಖ, ಸಣ್ಣ ಸಣ್ಣ ಚೌಕದಲ್ಲಿ. ಟ್ರೆಂಟ್ ಕೆಟ್ಟ ಬೈಗುಳ ಬೈದ. ನಾನು ಬಯ್ಯಲು ಬಿಟ್ಟೆ. ಕೊನೆಗೆ ಎಲಿಸೆಯೊ ತನ್ನ ಮೈಕು ತೆರೆದ.

“ಕೋಚ್, ನಿಮಗೆ ಯಾವಾಗ ಗೊತ್ತಾಯ್ತು?”

“ಇವತ್ತು ಬೆಳಿಗ್ಗೆ,” ಅಂದೆ.

“ಸರಿ ಕೋಚ್,” ಅಂದ. ಚೌಕ ಕಪ್ಪಾಯಿತು.

ಅಕ್ಟೋಬರ್ 20, ಮಂಗಳವಾರ

ಎರಡು ವಾರದಲ್ಲಿ ಐವತ್ತಮೂರು ಕೋಚ್‌ಗಳಿಗೆ ಫೋನ್ ಮಾಡಿದ್ದೇನೆ. ಈ ಚಳಿಗಾಲ ಆಡುವವರಿಗೆಲ್ಲ ಕಾಲೇಜಿನ ಪರವಾಗಿ ಆಡಲು ಒಂದು ವರ್ಷ ಹೆಚ್ಚಿಗೆ ಕೊಡುತ್ತಾರಂತೆ. ಹೀಗಾಗಿ ಹೊರಗೆ ಹೋಗಬೇಕಿದ್ದ ದೊಡ್ಡ ಹುಡುಗರು ಯಾರೂ ಹೋಗುವುದಿಲ್ಲ, ಹೊಸಬರಿಗೆ ಎಲ್ಲೂ ಜಾಗ ಇಲ್ಲ. ಇಪ್ಪತ್ತೆಂಟರಲ್ಲಿ ಮೂವರಿಗೆ ಮಾತ್ರ ದಾರಿಯಾಗಿದೆ. ಟ್ರೆಂಟ್ ಕುಸ್ತಿ ಬಿಟ್ಟು ಇಲ್ಲೇ ಓದುತ್ತಾನಂತೆ. ವಿಸ್ಕಾನ್ಸಿನ್ನಿನ ಹುಡುಗ ಕಾಲ್ವಿನ್ ಮನೆಗೆ ಹೋದ. ಹೋಗುವಾಗ ನನ್ನ ಕೈ ಕುಲುಕಿದ.

ಮನಸ್ಸು ಗಟ್ಟಿ ಮಾಡಿಕೊಂಡು ಗಾರ್ಡಿ ಸ್ಟೋಲ್‌ಗೂ ಫೋನ್ ಮಾಡಿದೆ.

“ಬರಹೋನಾನಾ? ವಸಂತದಲ್ಲಿ ನೀನು ನನ್ನ ಕೈಯಿಂದ ಕಿತ್ಕೊಂಡ ಹುಡುಗ ಅಲ್ವಾ ಅವನು?”

“ಅವನೇ.”

“ಅವನಿಗೆ ಇಟ್ಟಿದ್ದ ಜಾಗ ಮೇ ತಿಂಗಳಲ್ಲೇ ಕೊಟ್ಟುಬಿಟ್ಟೆ ಲೈಲ್. ಈಗ ಆ ತೂಕದಲ್ಲಿ ಐದು ಜನ ಇದಾರೆ. ದುಡ್ಡು ಇಲ್ಲದೇ ಬರ್ತಾನೆ ಅಂದ್ರೆ ಬರ್ಲಿ, ಮೂಲೇಲಿ ನಿಂತ್ಕೊಳ್ಲಿ. ಬರ್ತಾನಾ?”

“ದುಡ್ಡಿಲ್ಲದೇ ಬರೋಕಾಗಲ್ಲ ಅವನಿಗೆ.”

“ಮತ್ತೆ?” ಅಂದ. ಸಿಟ್ಟಿನಿಂದಲ್ಲ. ಅದೇ ಕಷ್ಟವಾಯಿತು.

ಅಕ್ಟೋಬರ್ 25, ಭಾನುವಾರ

ಬೆಳಗಿನ ತಿಂಡಿಯ ಹೊತ್ತಿಗೆ ಮಾರ್ಲಾ ಬಗ್ಗೆ ಕೂಗಾಡಿದೆ. ಹುಡುಗರಿಗೆ ಮೋಸ ಮಾಡಿದಳು, ಕೊನೇ ನಿಮಿಷದವರೆಗೂ ಏನೂ ಹೇಳಲಿಲ್ಲ, ಅಂತ. ಕೊರಿನ್ ಚಮಚ ಕೆಳಗಿಟ್ಟಳು.

“ಏಪ್ರಿಲ್‌ನಲ್ಲಿ ಅವಳು ಫೋನ್ ಮಾಡಿದಾಗ ನಾನು ಇಲ್ಲೇ ಆಲೂಗಡ್ಡೆ ಸುಲೀತಿದ್ದೆ. ನೀನು ಫೋನನ್ನ ಯಾವಾಗ್ಲೂ ಜೋರಾಗೇ ಇಟ್ಕೊಳ್ಳೋದು. ನಾನೇನು ಕಿವುಡಿ ಅಂದ್ಕೊಂಡ್ಯಾ?”

ನಾನು ಮೊಟ್ಟೆಯನ್ನು ಚಮಚದಲ್ಲಿ ಕೆದಕಿದೆ.

“ಆರು ತಿಂಗಳು ಕಾದೆ ಲೈಲ್. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ. ನನಗೆ ಬೇಡ, ಆ ಹುಡುಗನಿಗಾದ್ರೂ.”

“ಹೇಳಿ ಏನು ಪ್ರಯೋಜನ ಈಗ?”

“ನಂಗೊತ್ತಿಲ್ಲ. ಆದ್ರೆ ಅವಳ ಹೆಸರು ಹಿಡಿದು ಈ ಮನೇಲಿ ಇನ್ನು ಕೂಗಬೇಡ,” ಅಂದು ತನ್ನ ತಟ್ಟೆ ಎತ್ತಿಕೊಂಡು ಹೋದಳು. ಮೊಟ್ಟೆ ತಣ್ಣಗಾಗಿತ್ತು. ತಿಂದೆ.

ನವೆಂಬರ್ 10, ಮಂಗಳವಾರ

ಎಲಿಸೆಯೊ ಕೋಣೆ ಖಾಲಿ ಮಾಡಿದ್ದಾನೆ. ಹೇಳದೆ ಹೋಗಿದ್ದಾನೆ. ಕಾಲೇಜಿನವರಿಗೂ ಎರಡು ದಿನ ಗೊತ್ತಾಗಿಲ್ಲ. ಫೋನ್ ಮಾಡಿದೆ, ಮೂರನೇ ಸಲಕ್ಕೆ ಎತ್ತಿಕೊಂಡ.

“ಓದು ಬಿಡಬೇಡ ಮರಿ. ನೆರವು ಇದೆಯಲ್ಲ.”

“ಇನ್ನರ್ಧ ಯಾರು ಕಟ್ತಾರೆ ಕೋಚ್? ಕುಸ್ತಿಗೋಸ್ಕರ ಅಷ್ಟು ದೂರ ಬಂದೆ. ಕುಸ್ತಿ ಇಲ್ದೇ ಅಲ್ಲಿ ಕೂತು, ಅಮ್ಮ ಇಲ್ಲಿ ಡಬಲ್ ಪಾಳಿ ಮಾಡೋದು ಬೇಡ.”

“ಏನು ಮಾಡ್ತಿದೀಯಾ?”

“ನಿನ್ನೆ ಕಾರ್ಖಾನೆಗೆ ಸೇರಿಕೊಂಡೆ. ಅಪ್ಪನ ಸಾಲಲ್ಲೇ. ಅವರ ಹೆಸರು ಗೊತ್ತಿರೋರು ಇದಾರೆ, ಚೆನ್ನಾಗಿ ನೋಡ್ಕೋತಾರೆ.”

ಅವನೇ, “ಇಡ್ತೀನಿ ಕೋಚ್. ಥ್ಯಾಂಕ್ಸ್,” ಅಂದ.

ಡಿಸೆಂಬರ್ 2, ಬುಧವಾರ

ಮಾರ್ಲಾ ಬಂದಿದ್ದಳು. ಅಂಗಳದಲ್ಲೇ ನಿಂತು ಮಾತಾಡಿದೆವು. ಪ್ರವೇಶ ವಿಭಾಗದಲ್ಲಿ ನನಗೊಂದು ಕೆಲಸ ಉಂಟಂತೆ. ಬರೀ ಕುಸ್ತಿಯವರಲ್ಲ, ಎಲ್ಲ ಥರದ ವಿದ್ಯಾರ್ಥಿಗಳನ್ನೂ ಕರೆತರಬೇಕು. ಸಂಬಳ ಈಗಿನದಕ್ಕಿಂತ ಜಾಸ್ತಿ.

“ಅಡುಗೆಮನೇಲಿ ಕೂತು ಒಬ್ಬ ತಾಯೀನ ಒಪ್ಪಿಸೋಕೆ ಈ ಜಿಲ್ಲೇಲಿ ನಿನ್ನಂಥವನು ಇನ್ನೊಬ್ಬ ಇಲ್ಲ,” ಅಂದಳು. ಹೊಗಳಿಕೆ ಅಂತಲೇ ಅಂದಿದ್ದು. ಅವಳೂ ಬಡಕಲಾಗಿದ್ದಾಳೆ. ಕಣ್ಣಿನ ಕೆಳಗೆ ಕಪ್ಪು.

ಎರಡು ವಾರ ಸಮಯ ಕೇಳಿದೆ. ನನಗಿನ್ನೂ ಐವತ್ತೆಂಟು. ಕೆಲಸದ ಜೊತೆ ಬರುವ ಆರೋಗ್ಯ ವಿಮೆ ಬೇಕು.

ಡಿಸೆಂಬರ್ 12, ಶನಿವಾರ. ಟಿಲ್ಡನ್ ಕ್ರಾಸಿಂಗ್

ಊರಾಚೆಯ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಮನೆ ತಲುಪುವವರೆಗೆ ತಡೆದರೆ ಬೇರೆ ಥರ ಬರೆದೇನು.

ಮಧ್ಯಾಹ್ನ ಎರಡಕ್ಕೆ ಅವರ ಮನೆ ತಲುಪಿದೆ. ಬರುತ್ತೇನೆಂದು ಯೆಸೇನಿಯಾಗೆ ಮಾತ್ರ ತಿಳಿಸಿದ್ದೆ. ಚಳಿ ಇದ್ದರೂ ಮನೆ ಮುಂದಿನ ಮೆಟ್ಟಿಲ ಹತ್ತಿರವೇ ಕುರ್ಚಿ ಹಾಕಿದ್ದಳು, ಒಂದೊಂದನ್ನೂ ದೂರ ದೂರ. ಓಫೆಲಿಯಾ ಒಂದು ಕಂಬಳಿ ಹೊದ್ದುಕೊಂಡು ಬಂದು ಕೂತರು. “ಬನ್ನಿ ಮೇಷ್ಟ್ರೇ” ಅಂದರು. ಕಾಫಿ ಕೊಟ್ಟರು. ಶನಿವಾರವೂ ಪಾಳಿ ಇದ್ದುದರಿಂದ ಎಲಿಸೆಯೊ ಇನ್ನೂ ಬಂದಿರಲಿಲ್ಲ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಯಾವುದೂ ಬಾಯಿಗೆ ಬರಲಿಲ್ಲ. “ನಿಮ್ಮ ಯಜಮಾನರು ನನ್ನನ್ನ ಕೇಳಿದಾಗ, ಕುಸ್ತಿ ಮುಚ್ಚಬಹುದು ಅಂತ ನನಗೆ ಆಗಲೇ ಗೊತ್ತಿತ್ತು. ಐದು ದಿನ ಮೊದಲೇ ಗೊತ್ತಿತ್ತು. ಆದ್ರೂ ನಾಲ್ಕು ವರ್ಷ ಅಂದೆ,” ಅಂದೆ.

ಯೆಸೇನಿಯಾ ನನ್ನನ್ನೇ ನೋಡಿದಳು. ತಿರುಗಿಸಿ ಹೇಳಲಿಲ್ಲ. “ಹೇಳಮ್ಮ,” ಅಂದೆ. ಹೇಳಿದಳು. ನನ್ನ ಮಾತಿಗಿಂತ ಅವಳ ಸ್ಪ್ಯಾನಿಷ್ ಚಿಕ್ಕದಿತ್ತು.

ಓಫೆಲಿಯಾ ಲೋಟವನ್ನು ನೆಲಕ್ಕಿಟ್ಟರು. ರಸ್ತೆಯ ಕಡೆ ನೋಡುತ್ತ ಮೆಲ್ಲಗೆ ಮಾತಾಡತೊಡಗಿದರು. ಬಹಳ ಹೊತ್ತು ಮಾತಾಡಿದರು. ಮಧ್ಯೆ ಒಮ್ಮೆ ಯಾರಾದರೂ ಉತ್ತರ ಕೊಡಲಿ ಅನ್ನುವಂತೆ ನಿಲ್ಲಿಸಿದರು. ಆಮೇಲೆ ಮತ್ತೆ ಮುಂದುವರಿಸಿದರು.

“ಏನಂತಾರೆ?” ಕೇಳಿದೆ.

“ಅದನ್ನ ಹೇಳಲ್ಲ ಸರ್,” ಅಂದಳು ಯೆಸೇನಿಯಾ. “ಅದು ನಿಮಗಲ್ಲ. ಅಪ್ಪನ ಹತ್ರ ಮಾತಾಡ್ತಿದಾರೆ.”

ಕಡೆಗೆ ಓಫೆಲಿಯಾ ನನ್ನತ್ತ ತಿರುಗಿ ಒಂದು ಪ್ರಶ್ನೆ ಕೇಳಿದರು. ಯೆಸೇನಿಯಾ ಅದನ್ನು ತಿರುಗಿಸಿದಳು. “ನಿಮ್ಮ ಮಗ ಆಗಿದ್ರೆ ಕರೀತಿದ್ರಾ, ಅಂತ.”

ನಮಗೆ ಮಕ್ಕಳಿಲ್ಲ. ಮೊದಲಾಗಿದ್ದರೆ ಅದನ್ನೇ ಹೇಳಿ ಜಾರಿಕೊಳ್ಳುತ್ತಿದ್ದೆನೋ ಏನೋ. “ಕರೀತಿರಲಿಲ್ಲ,” ಅಂದೆ.

ಮೂರೂವರೆಗೆ ಎಲಿಸೆಯೊ ನಡೆದುಕೊಂಡು ಬಂದ. ಕೈಯಲ್ಲಿ ಊಟದ ಡಬ್ಬ, ಕೆನ್ನೆಯ ಮೇಲೆ ಮಾಸ್ಕಿನ ಗೆರೆ. ತೂಕ ಹೆಚ್ಚಾಗಿದೆ ಅಂತಲೋ ಕಡಿಮೆಯಾಗಿದೆ ಅಂತಲೋ ನಾನು ನೋಡಲೇ ಇಲ್ಲ. ನೋಡಿದ್ದು ಬೆರಳುಗಳನ್ನು. ಡಬ್ಬದ ಹಿಡಿಕೆಯಿಂದ ಅವನ್ನು ಬಿಡಿಸಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅವನಿಗೂ ಹೇಳಿದೆ. ಏಪ್ರಿಲಿನದನ್ನೂ ಹೇಳಿದೆ, ಅಕ್ಟೋಬರಿನಲ್ಲಿ “ಇವತ್ತು ಬೆಳಿಗ್ಗೆ” ಅಂದದ್ದನ್ನೂ ಹೇಳಿದೆ.

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದರೆ ಹೊಡೆಯಲಿ ಅನ್ನಿಸಿತ್ತು. ಅವನು ಮೆಟ್ಟಿಲ ಮೇಲೆ ಕೂತುಕೊಂಡ.

“ಅಪ್ಪ ಹತ್ತಿರದ್ದೇ ಸಾಕು ಅಂದಿದ್ರು,” ಅಂದ. “ನಾನೇ ಹಠ ಮಾಡಿದ್ದು. ಆ ಕಡೆ ಹೋಗಿದ್ರೆ ಕುಸ್ತಿನೂ ಇರ್ತಿತ್ತು, ಮನೇನೂ ಹತ್ತಿರ ಇರ್ತಿತ್ತು. ಅಪ್ಪನ ಮಾತು ಮೀರಿದ್ದಕ್ಕೇ ಹೀಗಾಯ್ತು ಅಂತ... ದಿನಾ ಸಾಲಲ್ಲಿ ನಿಂತ್ಕೊಂಡು ಅದೇ ಯೋಚ್ನೆ ಮಾಡ್ತೀನಿ ಕೋಚ್. ನಾನು ತಪ್ಪು ಆರಿಸ್ಕೊಂಡೆ ಅಂತ.”

“ನೀನು ತಪ್ಪು ಮಾಡಿಲ್ಲ. ನಾನು ನಿಜ ಹೇಳಿದ್ದಿದ್ರೆ ನೀನು ಸರಿಯಾಗೇ ಆರಿಸ್ಕೋತಿದ್ದೆ. ತಪ್ಪು ನಂದು.”

“ನಂದಲ್ಲ?”

“ನಿಂದಲ್ಲ.”

ಆಗ ಅವನು ಅತ್ತ. ಮೊಣಕಾಲಿನ ನಡುವೆ ಮುಖ ಇಟ್ಟುಕೊಂಡು, ಸಣ್ಣ ಮಗುವಿನ ಹಾಗೆ ಜೋರಾಗಿ. ತಾಯಿ ಕುರ್ಚಿಯಿಂದೆದ್ದು ಹೋಗಿ ತಾವು ಹೊದ್ದಿದ್ದ ಕಂಬಳಿಯನ್ನು ಅವನ ಮೈಮೇಲೂ ಎಳೆದರು. ಯೆಸೇನಿಯಾ ನನ್ನ ಪಕ್ಕಕ್ಕೆ ಬಂದು, “ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ ಇವನು,” ಅಂದಳು. ಆಮೇಲೆ, “ಈಗ ನೀವು ಹೊರಡಿ ಸರ್,” ಅಂದಳು.

ಓಫೆಲಿಯಾ ತಲೆ ಎತ್ತಲಿಲ್ಲ. ನಾನು ಹೊರಟೆ.

ಡಿಸೆಂಬರ್ 14, ಸೋಮವಾರ

ಬೆಳಿಗ್ಗೆ ಕೊರಿನ್‌ಗೆ ಎಲ್ಲ ಹೇಳಿದೆ. ಅವಳು ನನ್ನ ಪಕ್ಕ ಬಂದು ಕೂತಳು. ವಿಮೆಯ ಬಗ್ಗೆ ಅವಳೇನೂ ಕೇಳಲಿಲ್ಲ.

ಹತ್ತಕ್ಕೆ ಮಾರ್ಲಾಗೆ ಫೋನ್ ಮಾಡಿ, ಆ ಕೆಲಸ ನನಗೆ ಬೇಡ ಅಂದೆ.

“ಮತ್ತೇನು ಮಾಡ್ತೀಯಾ ಲೈಲ್?”

“ಗೊತ್ತಿಲ್ಲ.”

“ಬೇರೆ ಕಾಲೇಜಿನವರು ಯಾರಾದ್ರೂ ಕರೆದಿದ್ದಾರಾ?”

“ಇಲ್ಲ.”

“ಹಂಗಾದ್ರೆ ಯಾಕೆ?”

ಏಪ್ರಿಲಿನ ಮಾತನ್ನು ಬರಹೋನಾ ಮನೆಯವರಿಗೆ ಹೇಳಿಬಿಟ್ಟೆ ಅಂದೆ. ಅವಳು ತಗ್ಗಿದ ದನಿಯಲ್ಲಿ, “ಏನಂದ್ರು ಅವರು?” ಅಂತ ಕೇಳಿದಳು.

ಸಮಾಧಾನ ಆಗುವಂಥದ್ದೇನಾದರೂ ಹೇಳಬಹುದಿತ್ತು. ಹೊರಡಿ ಅಂದರು, ಅಷ್ಟೇ, ಅಂದೆ.